‘ಶೀತರಕ್ತ’ ಎಂಬ ಒಂದು ಪದ ಮತ್ತು ಮೂರನೇ ಮಹಡಿಯ ಇಗುವಾನ: ನನ್ನ ಪಾಠವೊಂದರ ಮರುಪರಿಶೀಲನೆ

ಹಿನ್ನೆಲೆ

ಈ ಸಲದ ಬೋಧನಾಭ್ಯಾಸಕ್ಕೆ ನನ್ನನ್ನು ಬೆಂಗಳೂರಿನ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಗೆ ನಿಯೋಜಿಸಿದ್ದರು. ಜನವರಿ ತಿಂಗಳು. ಒಂಬತ್ತನೇ ತರಗತಿಗೆ ಕಶೇರುಕಗಳ ವರ್ಗೀಕರಣ ನನ್ನ ಪಾಲಿಗೆ ಬಂದಿತ್ತು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳಾದ್ದರಿಂದ ಇದು ಸುಲಭದ ಪಾಠ ಅಂದುಕೊಂಡೆ. ಚಾರ್ಟ್, ಮಿಂಚುಪಟ್ಟಿ, ಹೋಲಿಕೆಯ ಕೋಷ್ಟಕ ಎಲ್ಲವೂ ಸಿದ್ಧವಾಗಿದ್ದವು.

ಸರೀಸೃಪಗಳ ಪಾಠ ಚೆನ್ನಾಗಿಯೇ ನಡೆಯಿತು. ಪೂರ್ವಜ್ಞಾನ ಪರೀಕ್ಷಿಸಲು ಕೇಳಿದಾಗ ಹಲ್ಲಿ, ಓತಿಕ್ಯಾತ, ಹಾವು, ಆಮೆ ಎಂದು ಮಕ್ಕಳು ತಾವೇ ಪಟ್ಟಿ ಮಾಡಿದರು. ಒಬ್ಬಳು ಊರಿನಲ್ಲಿ ಉಡ ನೋಡಿದ್ದನ್ನು ಹೇಳಿದಳು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ನಮ್ಮಮ್ಮ ಕೆಲಸ ಮಾಡೋ ಫ್ಲ್ಯಾಟಲ್ಲಿ ಇಗುವಾನ ಇದೆ, ಹಸಿರು ಬಣ್ಣದ್ದು, ಇಷ್ಟುದ್ದ" ಎಂದು ಎರಡೂ ಕೈ ಚಾಚಿ ತೋರಿಸಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, "ಆಮೇಲೆ ಹೇಳುವೆಯಂತೆ" ಎಂದು ಮುಂದೆ ಹೋದೆ. ಪಾಠಯೋಜನೆಯಲ್ಲಿ ಆ ಹಂತಕ್ಕೆ ಐದೇ ನಿಮಿಷ ಬರೆದಿದ್ದೆ.

ಸಾಮಾನ್ಯ ಲಕ್ಷಣಗಳನ್ನು ಹೇಳುವಾಗ ಕಪ್ಪುಹಲಗೆಯ ಮೇಲೆ ಬರೆದೆ: ‘ಸರೀಸೃಪಗಳು ಶೀತರಕ್ತ ಪ್ರಾಣಿಗಳು.’ ಸರಳಗೊಳಿಸಲು ಹೋಗಿ, "ಅಂದರೆ ಅವುಗಳ ರಕ್ತ ತಣ್ಣಗಿರುತ್ತದೆ" ಎಂದೆ. ಅದೇ ಹುಡುಗ ಮತ್ತೆ ಕೇಳಿದ: "ಹಂಗಾದ್ರೆ ಅವಕ್ಕೆ ತಂಪೇ ಬೇಕಾ ಮಿಸ್?" ಗಂಟೆ ಹೊಡೆಯಲು ಮೂರು ನಿಮಿಷವಿತ್ತು, ಮೌಲ್ಯಮಾಪನ ಬಾಕಿ ಇತ್ತು. "ಹ್ಞೂಂ, ಹಾಗೇ ಅಂದುಕೋ" ಎಂದುಬಿಟ್ಟೆ.

ಕೊನೆಯ ಪ್ರಶ್ನೆ, "ಸರೀಸೃಪಗಳು ಎಂಥ ರಕ್ತದ ಪ್ರಾಣಿಗಳು?" ಎಲ್ಲ ಕೈಗಳೂ ಮೇಲೆದ್ದವು. "ಶೀತರಕ್ತ!" ವೀಕ್ಷಣಾ ಪತ್ರದಲ್ಲಿ ‘ಪರಿಕಲ್ಪನೆಯ ಸ್ಪಷ್ಟತೆ’ ಎಂಬಲ್ಲಿ ನನಗೆ ಪೂರ್ಣ ಅಂಕ ಬಂದಿತ್ತು.

ಒಂದು ವಾರದ ನಂತರ

ಮುಂದಿನ ಸೋಮವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಫ್ಲ್ಯಾಟಿನವರು ಹತ್ತು ದಿನ ಪರವೂರಿಗೆ ಹೋಗಿದ್ದರು. ಬೆಳಗ್ಗೆ ಸಂಜೆ ಹೋಗಿ ಇಗುವಾನಕ್ಕೆ ಸೊಪ್ಪು ನೀರು ಕೊಡುವ ಕೆಲಸ ಅವನ ತಾಯಿಯದು. ಅವನೂ ಜೊತೆಗೆ ಹೋಗುತ್ತಿದ್ದ. ಗೂಡಿನ ಮೇಲೆ ಒಂದು ದೊಡ್ಡ ಬಲ್ಬು, ಪಕ್ಕದಲ್ಲಿ ಒಂದು ಟ್ಯೂಬು ಹಗಲೆಲ್ಲ ಉರಿಯುತ್ತಿದ್ದವು.

"ತಣ್ಣನೆ ರಕ್ತದ ಪ್ರಾಣಿಗೆ ಬಿಸಿ ಯಾಕೆ ಅಂತ ನಾನೇ ಆಫ್ ಮಾಡ್ದೆ ಮಿಸ್. ಕರೆಂಟೂ ಉಳಿಯುತ್ತೆ ಅಂದ್ಕೊಂಡೆ. ಈಗ ಅದು ಸೊಪ್ಪು ಮುಟ್ತಾ ಇಲ್ಲ. ಬಣ್ಣಾನೂ ಕಪ್ಪಾಗಿದೆ. ಅವ್ರು ಬಂದು ನೋಡಿದ್ರೆ ಅಮ್ಮನ್ನ ಕೆಲಸದಿಂದ ಬಿಡಿಸ್ತಾರೆ."

ಅವನು ನನ್ನ ಮೇಲೆ ದೂರು ಹೇಳಲು ಬಂದಿರಲಿಲ್ಲ. ತಾನು ಪಾಠವನ್ನು ಸರಿಯಾಗಿ ಪಾಲಿಸಿದೆನಲ್ಲ, ಮತ್ತೇಕೆ ಹೀಗಾಯಿತು ಎಂದು ಕೇಳಲು ಬಂದಿದ್ದ. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ. ಮಾರ್ಗದರ್ಶಕ ಶಿಕ್ಷಕಿ ಪಕ್ಕದಲ್ಲೇ ಇದ್ದರು. "ಮೊದಲು ಲೈಟು ಹಾಕಿಸಿ, ಆ ಮನೆಯವರಿಗೆ ಫೋನ್ ಮಾಡಿಸಿ. ಪಾಠದ ವಿಚಾರ ಆಮೇಲೆ" ಎಂದರು. ಅವನ ತಾಯಿಗೆ ನಾನೇ ಫೋನಿನಲ್ಲಿ ಮಾತನಾಡಿ, "ತಪ್ಪು ನಿಮ್ಮ ಮಗನದಲ್ಲ ಅಮ್ಮ, ನಾನು ಹೇಳಿಕೊಟ್ಟದ್ದು ತಪ್ಪಾಯಿತು. ಬೇಕಾದರೆ ಅವರ ಹತ್ತಿರ ನಾನೇ ಮಾತಾಡುತ್ತೇನೆ" ಎಂದೆ. ಮನೆಯವರು ತಮ್ಮ ಪಶುವೈದ್ಯರನ್ನು ವಿಚಾರಿಸಿ, ಅಂದೇ ಸಂಜೆಯಿಂದ ದೀಪ ಹಾಕಿಸಿ, ನೀರು ಹತ್ತಿರದಲ್ಲೇ ಇಡಲು ಹೇಳಿದರು. ಮೂರನೆಯ ದಿನ ಅದು ಸೊಪ್ಪು ತಿಂದಿತೆಂದು ಹುಡುಗ ಬಂದು ಹೇಳಿದ. ತಾಯಿಯ ಕೆಲಸಕ್ಕೆ ತೊಂದರೆಯಾಗಲಿಲ್ಲ.

ವಿಷಯದ ಮರು ಅಧ್ಯಯನ

ಆ ವಾರ ನಾನು ಓದಿ ಬರೆದುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇನೆ. ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದು.

ಹಸಿರು ಇಗುವಾನ ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಿಸಿ ಪ್ರದೇಶದ, ಮರದ ಮೇಲೆ ಬದುಕುವ ಹಲ್ಲಿ. ಅಂಗಡಿಯಲ್ಲಿ ಕೊಳ್ಳುವಾಗ ಅದು ಅಂಗೈ ಮೇಲೆ ಕೂರುವ ಮರಿ. ಕೆಲವೇ ವರ್ಷಗಳಲ್ಲಿ ಬಾಲವೂ ಸೇರಿ ಒಂದೂವರೆ ಮೀಟರ್ ಆಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಚೆನ್ನಾಗಿ ನೋಡಿಕೊಂಡರೆ 15 ವರ್ಷ ಮೀರಿಯೂ ಬದುಕಬಲ್ಲದು. ತಿನ್ನುವುದು ಸೊಪ್ಪು, ಹೂವು, ಹಣ್ಣು.

ಸರೀಸೃಪಗಳ ರಕ್ತ ತಣ್ಣಗಿರುತ್ತದೆ ಎಂಬುದು ಸುಳ್ಳು. ಬಿಸಿಲು ಕಾಯಿಸಿಕೊಂಡ ಇಗುವಾನದ ಮೈ 35 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಅಂದರೆ ನಮ್ಮ ಮೈ ಬಿಸಿಗೆ ಹತ್ತಿರ. ಬಿಸಿ ಎಲ್ಲಿಂದ ಬರುತ್ತದೆ ಎಂಬುದೇ ವ್ಯತ್ಯಾಸ. ನಾವು ತಿಂದ ಅನ್ನದ ಬಹುಪಾಲನ್ನು ಮೈ ಬೆಚ್ಚಗಿಡಲು ಖರ್ಚು ಮಾಡುತ್ತೇವೆ. ಸರೀಸೃಪ ಆ ಖರ್ಚನ್ನು ಉಳಿಸಿ, ಬಿಸಿಲಿನಿಂದ, ಕಾದ ಕಲ್ಲಿನಿಂದ ಶಾಖ ಪಡೆಯುತ್ತದೆ. ಅದಕ್ಕೇ ಅದಕ್ಕೆ ಆಹಾರ ಬಹಳ ಕಡಿಮೆ ಸಾಕು. ಆದರೆ ಹೊರಗಿನ ಶಾಖ ಸಿಗದಿದ್ದರೆ ಕಿಣ್ವಗಳ ಕೆಲಸ ನಿಧಾನವಾಗುತ್ತದೆ, ಹೊಟ್ಟೆಯಲ್ಲಿರುವ ಸೊಪ್ಪು ಜೀರ್ಣವಾಗುವುದಿಲ್ಲ, ಹಸಿವೂ ಆಗುವುದಿಲ್ಲ. ಬೆಂಗಳೂರಿನ ಜನವರಿಯ ರಾತ್ರಿ ತಾಪ 15–16 ಡಿಗ್ರಿಗೆ ಇಳಿಯುತ್ತದೆ. ನಮಗೆ ಅದು ಹಿತ. ಅದಕ್ಕೆ ಅಲ್ಲ. ಶಾಖ ಕಡಿಮೆಯಾದಾಗ ಚರ್ಮ ಕಪ್ಪಾಗುವುದೂ ಹೆಚ್ಚು ಬಿಸಿಲು ಹೀರಿಕೊಳ್ಳುವ ಉಪಾಯವೇ. ಆ ಹುಡುಗ ಸರಿಯಾಗಿಯೇ ಗಮನಿಸಿದ್ದ.

ಪಕ್ಕದಲ್ಲಿದ್ದ ಟ್ಯೂಬು ಬೆಳಕಿಗಾಗಿ ಅಲ್ಲ, ಯುವಿ-ಬಿ ಕಿರಣಕ್ಕಾಗಿ. ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗಲು ಆ ಕಿರಣ ಬೇಕು. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರದು. ಆಗ ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆನ್ನು ಬಾಗುತ್ತದೆ. ಫ್ಲ್ಯಾಟುಗಳಲ್ಲಿ ಸಾಕಿದ ಇಗುವಾನಗಳಿಗೆ ಸಾಮಾನ್ಯವಾಗಿ ಬರುವ ರೋಗವಿದು. ಮಕ್ಕಳಲ್ಲಿ ಬರುವ ರಿಕೆಟ್ಸ್ ಜೊತೆ ಹೋಲಿಸಿ ಹೇಳಿದರೆ ಪೋಷಣೆಯ ಪಾಠಕ್ಕೂ ಇದು ಹೊಂದುತ್ತದೆ.

ಎರಡನೇ ಪಾಠ

ಮಾರ್ಗದರ್ಶಕರ ಅನುಮತಿ ಪಡೆದು ಅದೇ ತರಗತಿಗೆ ಅದೇ ಕಲಿಕಾಂಶವನ್ನು ಮತ್ತೆ ತೆಗೆದುಕೊಂಡೆ. ಹುಡುಗನನ್ನು ಮೊದಲೇ ಕೇಳಿ, ಅವನು ಒಪ್ಪಿದ ಮೇಲೆಯೇ ಇಗುವಾನದ ವಿಚಾರ ಎತ್ತಿದೆ. ದೀಪ ಆರಿಸಿದ ಪ್ರಸಂಗ ಹೇಳಲಿಲ್ಲ. ಆರಂಭದಲ್ಲೇ, "ಹೋದ ವಾರ ನಾನು ನಿಮಗೆ ಒಂದು ತಪ್ಪು ಹೇಳಿಕೊಟ್ಟಿದ್ದೇನೆ. ಯಾವುದು ಎಂದು ಇವತ್ತು ನೀವೇ ಕಂಡುಹಿಡಿಯಬೇಕು" ಎಂದೆ. ಅಷ್ಟು ಗಮನವಿಟ್ಟು ಆ ತರಗತಿ ಹಿಂದೆ ಕೂತದ್ದು ನಾನು ಕಾಣೆ.

ಚಟುವಟಿಕೆ 1. ಮೂರು ಸ್ಟೀಲ್ ಲೋಟಗಳಲ್ಲಿ ಒಂದೇ ಕೊಡದ ನೀರನ್ನು ಸ್ವಲ್ಪ ಸ್ವಲ್ಪ ಹಾಕಿದೆವು. ಒಂದು ಜಗುಲಿಯ ಬಿಸಿಲಿಗೆ, ಒಂದು ತರಗತಿಯ ಒಳಗೆ, ಒಂದು ಒದ್ದೆ ಬಟ್ಟೆ ಸುತ್ತಿ ನೆರಳಿಗೆ. ಇಬ್ಬರು ಮಕ್ಕಳು ಬಿಸಿಲಿನಲ್ಲಿ, ಇಬ್ಬರು ನೆರಳಿನಲ್ಲಿ. ಇಪ್ಪತ್ತು ನಿಮಿಷದ ನಂತರ ಅಳತೆ:

ಬಿಸಿಲಿನ ಲೋಟ: 28 ಡಿಗ್ರಿ
ಒಳಗಿನ ಲೋಟ: 23 ಡಿಗ್ರಿ
ಒದ್ದೆ ಬಟ್ಟೆಯ ಲೋಟ: 21 ಡಿಗ್ರಿ
ನಾಲ್ಕೂ ಮಕ್ಕಳು: 36.5ರಿಂದ 36.9 ಡಿಗ್ರಿ

"ಹಲ್ಲಿ ಲೋಟದ ಹಾಗೋ, ನಮ್ಮ ಹಾಗೋ?" ಎಂದು ಕೇಳಿದೆ. "ಲೋಟದ ಹಾಗೆ" ಎಂದರು. ಇಲ್ಲಿಗೇ ನಿಲ್ಲಿಸಬೇಕೆಂದು ಯೋಜನೆಯಲ್ಲಿತ್ತು. ಆದರೆ ಮುಂದಿನ ಸಾಲಿನ ಒಬ್ಬಳು, "ಲೋಟ ಎದ್ದು ಹೋಗಲ್ಲ ಮಿಸ್, ಹಲ್ಲಿ ಹೋಗುತ್ತೆ" ಎಂದಳು. ನಾನು ತಂದ ಹೋಲಿಕೆಯ ಮಿತಿಯನ್ನು ಅವಳೇ ತೋರಿಸಿಕೊಟ್ಟಳು. ಹಲ್ಲಿ ಬಿಸಿಲಿಗೆ ಬರುತ್ತದೆ, ಕಾದ ಮೇಲೆ ನೆರಳಿಗೆ ಸರಿಯುತ್ತದೆ, ಹೀಗೆ ಓಡಾಡಿ ತನ್ನ ತಾಪವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಬೆಳಗ್ಗೆ ಎಂಟು ಗಂಟೆಗೆ ಓತಿಕ್ಯಾತ ಕಾಂಪೌಂಡ್ ಗೋಡೆ ಏರಿ ಕೂರುವುದು ಯಾಕೆಂದು ಆಗ ಬಾಯಿಂದ ಬಾಯಿಗೆ ಉತ್ತರ ಬಂತು.

ಚಟುವಟಿಕೆ 2. ಚಾರ್ಟಿನ ಮೇಲೆ ಎರಡು ಕೋಣೆಯ ಫ್ಲ್ಯಾಟಿನ ನಕ್ಷೆ ಬರೆದೆ. ಪ್ರತಿ ಜಾಗಕ್ಕೂ ಒಂದು ತಾಪ: ದೀಪದ ಕೆಳಗೆ 35, ಗೂಡಿನ ಇನ್ನೊಂದು ತುದಿಯಲ್ಲಿ 27, ಹಾಲ್‌ನಲ್ಲಿ 22, ಬಚ್ಚಲಿನ ನೆಲದಲ್ಲಿ 20. ರಟ್ಟಿನ ಇಗುವಾನವನ್ನು ಬೆಳಗಿನಿಂದ ರಾತ್ರಿಯವರೆಗೆ ಎಲ್ಲೆಲ್ಲಿ ಇಡುವಿರಿ ಎಂದು ಗುಂಪುಗಳಿಗೆ ಕೊಟ್ಟೆ. ಗೂಡಿನಲ್ಲಿ ಎಲ್ಲ ಕಡೆ ಒಂದೇ ತಾಪ ಇರಬಾರದು, ಒಂದು ತುದಿ ಬಿಸಿ, ಇನ್ನೊಂದು ತುದಿ ಕಡಿಮೆ ಬಿಸಿ ಇರಬೇಕು ಎಂಬುದನ್ನು ನಾನು ಹೇಳದೆಯೇ ಎರಡು ಗುಂಪು ಕಂಡುಕೊಂಡವು. ಇಲ್ಲಿ ಮುಖ್ಯ ಉತ್ತರಗಳೆಲ್ಲ ಹಿಂದಿನ ಬೆಂಚಿನ ಹುಡುಗನದೇ. ಅಷ್ಟು ಹತ್ತಿರದಿಂದ ಆ ಪ್ರಾಣಿಯನ್ನು ನೋಡಿದವರು ತರಗತಿಯಲ್ಲಿ ಬೇರೆ ಯಾರೂ ಇರಲಿಲ್ಲ, ನಾನೂ ಸೇರಿದಂತೆ.

ಮಕ್ಕಳ ಪ್ರಶ್ನೆಗಳು

ಯೋಜನೆಯಲ್ಲಿ ಇರದ ಪ್ರಶ್ನೆಗಳೇ ಹೆಚ್ಚು ಬಂದವು. ಕೆಲವನ್ನು ಉತ್ತರದೊಡನೆ ಕೊಡುತ್ತೇನೆ.

"ಕಿಟಕಿ ಹತ್ರ ಇಟ್ರೆ ಸಾಕಲ್ವಾ ಮಿಸ್?" ಗಾಜಿನ ಮೂಲಕ ಶಾಖ ಬರುತ್ತದೆ, ಆದರೆ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ. ಮುಚ್ಚಿದ ಕಿಟಕಿ ಸಾಲದು. ಜಾಲರಿ ಹಾಕಿದ ಬಾಲ್ಕನಿಯಾದರೆ ಆಗಬಹುದು, ನೆರಳಿನ ಜಾಗವೂ ಇರಬೇಕು.

"ಮುಟ್ಟಿದ್ರೆ ಏನಾದ್ರೂ ಆಗುತ್ತಾ?" ಇದರ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ, ನಮಗೆ ವಾಂತಿಭೇದಿ ಬರಬಹುದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಅದರ ತಟ್ಟೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಈ ಮಾತನ್ನು ಅಮ್ಮನಿಗೆ ಹೇಳುತ್ತೇನೆಂದು ಹುಡುಗ ಬರೆದುಕೊಂಡ.

"ಉಡಾನೂ ಸಾಕಬಹುದಾ?" ಇಲ್ಲ. ಉಡ ನಮ್ಮ ಕಾಡಿನ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಹಿಡಿಯುವುದೂ ಸಾಕುವುದೂ ಅಪರಾಧ. ಇಗುವಾನ ವಿದೇಶಿ. ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಸಾಕಿದವರು ‘ಪರಿವೇಶ್’ ಜಾಲತಾಣದ ಮೂಲಕ ನೋಂದಾಯಿಸಬೇಕು. ಆ ಫ್ಲ್ಯಾಟಿನವರು ನೋಂದಾಯಿಸಿದ್ದಾರೆಯೇ ಎಂದು ನಾನು ತರಗತಿಯಲ್ಲಿ ಕೇಳಲಿಲ್ಲ. ತಾಯಿಯ ಕೆಲಸದ ಮನೆಯ ವಿಚಾರವನ್ನು ಮಗುವಿನ ಬಾಯಿಂದ ಎಲ್ಲರೆದುರು ಹೊರಡಿಸುವುದು ಪಾಠದ ಭಾಗವಲ್ಲ.

"ಬೇಜಾರಾದ್ರೆ ಪಾರ್ಕಲ್ಲಿ ಬಿಟ್ಬಿಟ್ರೆ?" ಅಮೆರಿಕದ ಫ್ಲೋರಿಡಾದಲ್ಲಿ ಹೀಗೆ ಬಿಟ್ಟವು, ತಪ್ಪಿಸಿಕೊಂಡವು ಹೆಚ್ಚಾಗಿ ಈಗ ಅಲ್ಲಿ ದೊಡ್ಡ ಸಮಸ್ಯೆ. 2020ರ ಜನವರಿಯಲ್ಲಿ ಚಳಿ ಬಿದ್ದಾಗ, ಮರಗಳಿಂದ ಇಗುವಾನಗಳು ಉದುರಬಹುದು ಎಂದು ಮಯಾಮಿಯ ಹವಾಮಾನ ಕಚೇರಿ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ಅವು ಸತ್ತಿರುವುದಿಲ್ಲ, ಚಳಿಗೆ ಮರಗಟ್ಟಿರುತ್ತವೆ. ಬಿಸಿಲು ಬಂದರೆ ಅನೇಕವು ಎದ್ದು ಹೋಗುತ್ತವೆ. ‘ಶೀತರಕ್ತ’ ಪ್ರಾಣಿಗೆ ಶೀತ ಎಷ್ಟು ಹಿತ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮೌಲ್ಯಮಾಪನ

ಈ ಸಲ ಪದ ಕೇಳಲಿಲ್ಲ, ಸಂದರ್ಭ ಕೊಟ್ಟೆ: ‘ನಿಮ್ಮ ಪಕ್ಕದ ಮನೆಯವರು ಇಗುವಾನವನ್ನು ಡಿಸೆಂಬರಿನಲ್ಲಿ ನಾಲ್ಕು ದಿನ ನಿಮ್ಮ ಬಳಿ ಬಿಟ್ಟು ಹೋಗುತ್ತಾರೆ. ನೀವು ಅವರನ್ನು ಕೇಳಬೇಕಾದ ಮೂರು ಪ್ರಶ್ನೆ ಬರೆಯಿರಿ, ಕಾರಣ ಕೊಡಿ.’ ಹೆಚ್ಚಿನವರು ಶಾಖದ ಬಗ್ಗೆ ಕಾರಣಸಹಿತ ಬರೆದರು. ಐದಾರು ಮಂದಿ ಇನ್ನೂ ‘ತಣ್ಣಗಿನ ಜಾಗದಲ್ಲಿ ಇಡಬೇಕು’ ಎಂದೇ ಬರೆದಿದ್ದರು. ಒಮ್ಮೆ ಕೂತ ತಪ್ಪು ಕಲ್ಪನೆ ಒಂದು ಪಾಠದಲ್ಲಿ ಹೋಗುವುದಿಲ್ಲ. ಅವರೊಂದಿಗೆ ಲೋಟದ ಚಟುವಟಿಕೆಯನ್ನು ಇನ್ನೊಮ್ಮೆ ಮಾಡಿದೆ.

ನಾನು ಕಲಿತದ್ದು

ಒಂದು, ‘ಶೀತರಕ್ತ’ ಎಂಬ ಪದ ಬಳಕೆಯಲ್ಲಿದೆ, ಪರೀಕ್ಷೆಯಲ್ಲೂ ಬರುತ್ತದೆ, ಬಿಡಲಾಗದು. ಆದರೆ ಬರೆದ ತಕ್ಷಣ ಪಕ್ಕದಲ್ಲೇ ‘ಹೊರಗಿನ ಶಾಖವನ್ನು ಅವಲಂಬಿಸುವ ಪ್ರಾಣಿ’ ಎಂದು ಬರೆಯಬೇಕು. ಪದವನ್ನು ಬಿಡಿಸಿ ಅರ್ಥ ಹೇಳಲು ಹೋಗಬಾರದು.

ಎರಡು, ಎಲ್ಲ ಕೈಗಳೂ ಮೇಲೆದ್ದರೆ ಕಲಿಕೆಯಾಗಿದೆ ಎಂದಲ್ಲ. ಮೊದಲ ಪಾಠದಲ್ಲಿ ನಾನು ಅಳೆದದ್ದು ನೆನಪನ್ನು.

ಮೂರು, ಮಗು ತನ್ನ ಅನುಭವ ಹೇಳಲು ಎದ್ದು ನಿಂತಾಗ "ಆಮೇಲೆ" ಎಂದರೆ ಆ ಆಮೇಲೆ ಬರುವುದಿಲ್ಲ. ಮೊದಲ ದಿನ ಎರಡು ನಿಮಿಷ ಕೊಟ್ಟು, "ಅದರ ಗೂಡಿನಲ್ಲಿ ಏನೇನಿದೆ?" ಎಂದು ಕೇಳಿದ್ದರೆ ದೀಪದ ವಿಚಾರ ಅಲ್ಲೇ ಬರುತ್ತಿತ್ತು. ನನ್ನ ತಪ್ಪು ನನ್ನ ಎದುರಿಗೇ ಸಿಕ್ಕಿಬೀಳುತ್ತಿತ್ತು.

ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗ ಕೇಳಿದ: "ಅಷ್ಟು ದೊಡ್ಡ ಪ್ರಾಣೀನ ಮೂರನೇ ಮಹಡೀಲಿ ಸಾಕೋದು ಸರೀನಾ ಮಿಸ್?" ಉತ್ತರ ಹೇಳಲು ಬಾಯಿ ತೆರೆದೆ. ಆಮೇಲೆ, "ನೀನು ಅದನ್ನು ದಿನಾ ನೋಡಿದವನು. ನಿನಗೇನು ಅನ್ನಿಸುತ್ತೆ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಅವನು ಹೇಳಿದ: "ಲೈಟು, ಜಾಗ, ಸೊಪ್ಪು ಎಲ್ಲಾ ಕೊಟ್ರೂ ಅದು ಹತ್ತೋಕೆ ಮರ ಇಲ್ಲ ಮಿಸ್. ಪರದೆ ಹತ್ತುತ್ತೆ."