ಪದ್ಮಿನಿ ಮತ್ತು ಅಬಾರ್ಥ್: ಚೆನ್ನೈ ಶೆಡ್ಡಿನಲ್ಲಿ ಕಲಿತ ಪಾಠಗಳು

ಚೆನ್ನೈಯ ತಿರುವಾನ್ಮಿಯೂರಿನಲ್ಲಿರುವ ನಮ್ಮ ಮನೆಯ ಶೆಡ್ಡಿನಲ್ಲಿ ಇಟಲಿ ಮೂಲದ ಎರಡು ಕಾರುಗಳಿವೆ. ಒಂದು ಮುಂಬೈಯ ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ. ಇನ್ನೊಂದು, 2015ರ ಆಗಸ್ಟಿನಲ್ಲಿ ಭಾರತದಲ್ಲಿ ಬಿಡುಗಡೆಯಾದ ಅಬಾರ್ಥ್ 595 ಕಾಂಪಿಟಿಜೋನೆ. ಫಿಯಟ್ 500ರ ಪುಟ್ಟ ಮೈಯೊಳಗೆ 160 ಕುದುರೆಶಕ್ತಿ ತುಂಬಿದ, ಹೊರದೇಶದಿಂದ ಸಿದ್ಧವಾಗಿಯೇ ಬಂದ, ಸುಮಾರು 30 ಲಕ್ಷ ರೂಪಾಯಿಯ ಕಾರು ಅದು. ಕೊಂಡವರು ಬಹಳ ಕಡಿಮೆ. ಹಳೆಯ ಕಾರು ಇಟ್ಟುಕೊಳ್ಳುವುದು ಕಷ್ಟ, ಹೊಸದು ಸುಲಭ ಎಂದು ಬಹಳ ಜನ ನಂಬಿದ್ದಾರೆ. ಎರಡನ್ನೂ ಸಾಕಿ ನೋಡಿದ ಮೇಲೆ ನಾನು ಹೇಳುವುದು ಇದಕ್ಕೆ ತದ್ವಿರುದ್ಧ.

1. ಅಪರೂಪ ಎನ್ನುವುದು ವಯಸ್ಸಿನ ಲೆಕ್ಕವಲ್ಲ

ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ತಯಾರಾಯಿತು. ಅದೇ ಕಾರು ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದು ಶತಮಾನದ ಕೊನೆಯವರೆಗೂ ನಡೆದು ಬಂತು. ಅಷ್ಟು ದೀರ್ಘಕಾಲ ಹೆಚ್ಚುಕಡಿಮೆ ಅದೇ 1089 ಸಿಸಿ ಪೆಟ್ರೋಲ್ ಎಂಜಿನ್ ಇದ್ದುದರಿಂದ ಅದನ್ನು ಬಿಚ್ಚಿ ಜೋಡಿಸಬಲ್ಲವರು ಊರೂರಲ್ಲೂ ಹುಟ್ಟಿಕೊಂಡರು. ಪುದುಪೇಟೆಯ ಗುಜರಿ ಸಾಲಿನಲ್ಲಿ, ಜನರಲ್ ಪ್ಯಾಟರ್ಸ್ ರಸ್ತೆಯ ಸ್ಪೇರ್ ಪಾರ್ಟ್ ಅಂಗಡಿಗಳಲ್ಲಿ, ಅಲ್ಲಿಯೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅದಕ್ಕೆ ಬೇಕಾದ್ದು ಈಗಲೂ ಸಿಗುತ್ತದೆ. ಸಿಗದ ಪಿನ್ನು, ಬುಷ್ಷುಗಳನ್ನು ಲೇತ್‌ನವರು ಮಾಡಿಕೊಡುತ್ತಾರೆ. ಸ್ಟ್ಯಾಂಡರ್ಡ್ ಹೆರಾಲ್ಡ್ ಇದೇ ಮದರಾಸಿನ ಅಂಚಿನ ಕಾರ್ಖಾನೆಯಲ್ಲಿ ಹುಟ್ಟಿದ ಕಾರು. ಆದರೂ ಅದರ ಭಾಗ ಹುಡುಕುವುದು ಪದ್ಮಿನಿಯ ಭಾಗ ಹುಡುಕುವುದಕ್ಕಿಂತ ಕಷ್ಟ. ಕಾರನ್ನು ಬದುಕಿಸಿ ಇಡುವುದು ಅದನ್ನು ಬಲ್ಲ ಕೈಗಳು. ಈ ಲೆಕ್ಕದಲ್ಲಿ ನನ್ನ ಪದ್ಮಿನಿಗೆ ನೆಂಟರಿಷ್ಟರು ಊರ ತುಂಬ; ಅಬಾರ್ಥ್ ಒಂಟಿ.

2. ಕೊಳ್ಳುವ ಮೊದಲು ಅದರ ಒಡಹುಟ್ಟಿದ ಕಾರುಗಳನ್ನು ಪತ್ತೆ ಮಾಡಿ

ಅಬಾರ್ಥ್ 595ರ ಎದೆಯಲ್ಲಿರುವುದು 1368 ಸಿಸಿಯ ಟಿ-ಜೆಟ್ ಟರ್ಬೊ ಎಂಜಿನ್. ಅದೇ ಕುಟುಂಬದ ಎಂಜಿನ್ ಫಿಯಟ್ ಲೀನಿಯಾ ಟಿ-ಜೆಟ್‌ನಲ್ಲಿಯೂ ಪುಂಟೊ ಅಬಾರ್ಥ್‌ನಲ್ಲಿಯೂ ಇತ್ತು. ಫಿಲ್ಟರು, ಟೈಮಿಂಗ್ ಬೆಲ್ಟಿನಂಥ ಸಾಮಾನುಗಳಿಗೆ ಮೊದಲು ಆ ಕಾರುಗಳ ಕಡೆ ನೋಡಿ. ಪಾರ್ಟ್ ನಂಬರ್ ಮಾತ್ರ ತಾಳೆ ನೋಡಿಯೇ ತರಬೇಕು. ಟರ್ಬೊದಂಥವು ಒಂದರದ್ದು ಇನ್ನೊಂದಕ್ಕೆ ಆಗದೆ ಹೋಗಬಹುದು. ಬಂಪರು, ದೀಪ, ಸ್ಟೀರಿಂಗ್ ಕಡೆಯ ಭಾಗಗಳನ್ನು ಹೊರಗಿನಿಂದಲೇ ತರಿಸಬೇಕು. ನಮ್ಮಂತೆ ಬಲಗಡೆ ಸ್ಟೀರಿಂಗ್ ಇರುವ ಬ್ರಿಟನ್ನಿನಲ್ಲಿ ಈ ಕಾರು ಚೆನ್ನಾಗಿ ಮಾರಾಟವಾಗಿದ್ದರಿಂದ ಅಲ್ಲಿ ಹುಡುಕುವುದು ಒಳ್ಳೆಯದು. ಕಸ್ಟಮ್ಸ್ ಸುಂಕ, ಕಾಯುವ ವಾರಗಳು ಎರಡನ್ನೂ ಕಾರಿನ ಬೆಲೆಯೊಳಗೇ ಸೇರಿಸಿ ಯೋಚಿಸಿ. 2020ರಲ್ಲಿ ಬಿಎಸ್-6 ನಿಯಮ ಜಾರಿಯಾಗುವ ಹೊತ್ತಿಗೆ ಫಿಯಟ್ ಹೆಸರಿನ ಹೊಸ ಕಾರು ನಮ್ಮ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಒಡಹುಟ್ಟಿದ ಕಾರುಗಳೂ ಒಂದೊಂದಾಗಿ ರಸ್ತೆಯಿಂದ ಮರೆಯಾಗುತ್ತವೆ. ಬೇಗ ಸವೆಯುವ ಸಾಮಾನುಗಳನ್ನು ಸಿಗುವಾಗಲೇ ತಂದಿಟ್ಟುಕೊಳ್ಳುವುದು ಜಾಣತನ.

3. ಗೇರ್‌ಬಾಕ್ಸನ್ನು ಮೊದಲು ಕಿವಿಯಿಂದ ಪರೀಕ್ಷಿಸಿ

ಭಾರತಕ್ಕೆ ಬಂದ 595ರಲ್ಲಿ ಕ್ಲಚ್ ಪೆಡಲ್ ಇಲ್ಲ. ಒಳಗಿರುವುದು ಮಾಮೂಲಿ ಐದು ಗೇರಿನ ಪೆಟ್ಟಿಗೆಯೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಎಣ್ಣೆಯ ಒತ್ತಡ ಮಾಡುತ್ತದೆ. ಈ ಕಾರು ನೋಡಲು ಹೋದಾಗ ಬೆಂಗಳೂರಿನ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದೊಯ್ದಿದ್ದೆ. ನಾನು ಕೀಲಿಗೆ ಕೈ ಹಾಕುತ್ತಿದ್ದಂತೆ ಅವರು ತಡೆದರು: “ಈಗಲೇ ಸೆಲ್ಫ್ ಹೊಡೀಬೇಡಿ ಸಾರ್. ಬಾಗಿಲು ತೆಗೆದು ಸುಮ್ನೆ ನಿಂತು ಕೇಳಿ.” ಬಾಗಿಲು ತೆರೆದ ಕೂಡಲೇ ಬಾನೆಟ್ ಕೆಳಗಿನಿಂದ ‘ಜುಂಯ್’ ಎಂದು ಪಂಪು ಓಡಿತು, ಕೆಲವೇ ಸೆಕೆಂಡಿನಲ್ಲಿ ನಿಂತಿತು. ಹಾಗೆ ನಿಂತರೆ ಒಳ್ಳೆಯದು. ನಿಲ್ಲದೆ ಬಹಳ ಹೊತ್ತು ಓಡಿದರೆ, ಅಥವಾ ಬ್ರೇಕ್ ಮೇಲೆ ಕಾಲಿಟ್ಟು ಗೇರ್ ಬದಲಿಸಿದಾಗಲೆಲ್ಲ ಮತ್ತೆ ಮತ್ತೆ ಓಡಿದರೆ ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ಸೋತಿದೆ ಎಂದೇ ಅನುಮಾನಿಸಬೇಕು. ಅದನ್ನು ಹಾಗೇ ಬಿಟ್ಟರೆ ಪಂಪೂ ಹೋಗುತ್ತದೆ. ಈ ಗೇರ್ ವ್ಯವಸ್ಥೆಗೆ ಹಾಕುವ ಎಣ್ಣೆ ಬೇರೆಯೇ. ಕೈಗೆ ಸಿಕ್ಕ ಬ್ರೇಕ್ ಆಯಿಲ್ ಸುರಿಯಬಾರದು. ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ಹಾಕಿ. ಫ್ಲೈಓವರಿನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದು ಕಾರನ್ನು ನಿಲ್ಲಿಸಿಕೊಂಡರೆ ಕ್ಲಚ್ ಸುಟ್ಟುಹೋಗುತ್ತದೆ.

4. ಸ್ಪ್ಯಾನರ್ ಜೊತೆಗೆ ಲ್ಯಾಪ್‌ಟಾಪ್ ಇರಲಿ

ಪದ್ಮಿನಿ ನಿಂತರೆ ಕಾರಣ ಕಣ್ಣಿಗೆ ಕಾಣುತ್ತದೆ: ಪಾಯಿಂಟಿನಲ್ಲಿ ಕಿಡಿ ಇಲ್ಲ, ಇಲ್ಲವೇ ಕಾರ್ಬುರೇಟರಿಗೆ ಪೆಟ್ರೋಲ್ ಬರುತ್ತಿಲ್ಲ. ಅಬಾರ್ಥ್ ನಿಂತರೆ ಮೊದಲು ಅದರ ಕಂಪ್ಯೂಟರನ್ನು ಮಾತಾಡಿಸಬೇಕು. ಫಿಯಟ್ ಕಾರುಗಳ ದೋಷ ಓದಲು ಮಲ್ಟಿಇಸಿಯುಸ್ಕ್ಯಾನ್ ಎಂಬ ಸಾಫ್ಟ್‌ವೇರನ್ನು ಮಾಲೀಕರು ಬಳಸುತ್ತಾರೆ, ಅದನ್ನು ಕಲಿತುಕೊಳ್ಳಿ. ಕೀಲಿಯನ್ನೂ ಕಾರಿನ ಕಂಪ್ಯೂಟರ್ ಗುರುತಿಸಬೇಕು; ಹಾಗಾಗಿ ಎರಡು ಕೀಲಿ ಇಲ್ಲದ ಅಬಾರ್ಥನ್ನು ಕೊಳ್ಳಲು ಮುಂದಾಗಬೇಡಿ. ಬ್ಯಾಟರಿ ಬಲ ಕುಗ್ಗಿದರೆ ಡ್ಯಾಶ್‌ಬೋರ್ಡಿನಲ್ಲಿ ಇಲ್ಲದ ದೋಷಗಳ ದೀಪಗಳೆಲ್ಲ ಉರಿಯುತ್ತವೆ. ಹಾಗಾಗಿ ಮೊದಲ ಪರೀಕ್ಷೆ ಬ್ಯಾಟರಿಯದ್ದೇ.

5. ಚೆನ್ನೈಯ ಬಿಸಿಲು, ಉಪ್ಪುಗಾಳಿ, ಮಳೆನೀರು

ಇಲ್ಲಿಯವರು ‘ಕತ್ತಿರಿ’ ಎನ್ನುವ ಸುಡುಬಿಸಿಲಿನ ಮೇ ತಿಂಗಳಲ್ಲಿ ಪದ್ಮಿನಿಯ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಫ್ಯೂಯಲ್ ಪಂಪಿನ ಮೇಲೆ ಹೊದಿಸಿ. ಬಟ್ಟೆಯಿಂದ ಹಬೆ ಏಳುತ್ತದೆ. ಅದು ತಣಿದ ಮೇಲೆ ಸೆಲ್ಫ್ ಹೊಡೆದರೆ ಕಾರು ಮುಂದಕ್ಕೆ ಹೊರಡುತ್ತದೆ. ಅಬಾರ್ಥ್‌ಗೆ ಈ ಕಾಟವಿಲ್ಲ. ಆದರೆ ಜೋರಾಗಿ ಓಡಿಸಿ ಬಂದ ಮೇಲೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಟರ್ಬೊ ತಣಿಯಲು ಬಿಡಬೇಕು. ಮುಂದಿನ ಬಂಪರಿನ ಎರಡು ಬದಿಯ ಇಂಟರ್‌ಕೂಲರುಗಳಲ್ಲಿ ಸೇರುವ ಎಲೆ, ಧೂಳನ್ನು ತೆಗೆಯುತ್ತಿರಬೇಕು.

ಉಪ್ಪುಗಾಳಿ ಎರಡನ್ನೂ ತಿನ್ನುತ್ತದೆ. ಪದ್ಮಿನಿಯಲ್ಲಿ ಬಾಗಿಲ ಕೆಳಗಿನ ಪಟ್ಟಿ, ಕಾಲಡಿಯ ತಗಡು ಮೊದಲು ಹೋಗುತ್ತವೆ. ಒಳ್ಳೆಯ ಟಿಂಕರ್ ಅದನ್ನು ಕತ್ತರಿಸಿ ಹೊಸದು ಬೆಸೆಯುತ್ತಾರೆ. ಅಬಾರ್ಥ್‌ನಲ್ಲಿ ವೈರಿಂಗಿನ ಕನೆಕ್ಟರುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. 2015ರ ಡಿಸೆಂಬರಿನ ಪ್ರವಾಹವನ್ನೂ 2023ರ ಮಿಚಾಂಗ್ ಚಂಡಮಾರುತವನ್ನೂ ಕಂಡ ಊರು ಇದು. ಎಚ್ಚರಿಕೆ ಬಂದ ದಿನವೇ ಕಾರನ್ನು ಎತ್ತರದ ಜಾಗಕ್ಕೆ ಒಯ್ಯಿರಿ. ನೀರು ಹೊಕ್ಕ ಕಾರಿಗೆ ಸೆಲ್ಫ್ ಹೊಡೆಯಲೇ ಬೇಡಿ. ನೀರಿಳಿದ ಮೇಲೆ ಪದ್ಮಿನಿಯನ್ನು ಬಿಚ್ಚಿ ಒಣಗಿಸಬಹುದು. ಡ್ಯಾಶ್‌ಬೋರ್ಡಿನ ಕೆಳಗೆ ಕಂಪ್ಯೂಟರ್ ಇರುವ ಕಾರು ಅಷ್ಟು ಸುಲಭವಾಗಿ ಚೇತರಿಸಿಕೊಳ್ಳದು.

6. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಕಾರನ್ನು ಸಿದ್ಧಪಡಿಸಿ

ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಇದಕ್ಕೆಂದು ಮಾಡಿದವಲ್ಲ. ಎಥನಾಲ್ ತಡೆಯುವ ಪೈಪು ಹಾಕಿಸಿ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಚೆನ್ನೈಯ ಗಾಳಿಯಲ್ಲಿ ತೇವಕ್ಕೇನೂ ಬರವಿಲ್ಲ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿಡಿ.

7. ಕಾಗದಪತ್ರವೂ ಕಾರಿನ ಭಾಗವೇ

2021ರ ಕೇಂದ್ರ ನಿಯಮದಂತೆ, 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಕಾರನ್ನು ರ‍್ಯಾಲಿ, ಪ್ರದರ್ಶನಗಳಂಥ ಸಂದರ್ಭಗಳಿಗೆ ಮಾತ್ರ ರಸ್ತೆಗಿಳಿಸಬಹುದು; ದಿನನಿತ್ಯದ ಓಡಾಟಕ್ಕಲ್ಲ. ತರಕಾರಿ ತರಲು ಪದ್ಮಿನಿಯಲ್ಲೇ ಹೋಗುವ ನನ್ನಂಥವರಿಗೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಸರಿ. ಇನ್ನು ವಿಮೆ: ಐದು ವರ್ಷ ದಾಟಿದ, ತಯಾರಿಕೆ ನಿಂತ ಮಾದರಿಗಳ ಮೌಲ್ಯವನ್ನು ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಬೇಕು. ಫೋಟೊ, ಬಿಲ್ಲು, ಭಾಗಗಳ ಬೆಲೆ ಎಲ್ಲ ಮುಂದಿಟ್ಟು ಮಾತಾಡಿ.

8. ಬಲ್ಲದ್ದನ್ನು ಹಂಚಿ

ಕಾರ್ಲೊ ಅಬಾರ್ಥ್ 1949ರಲ್ಲಿ ಇಟಲಿಯಲ್ಲಿ ತನ್ನ ಕಂಪನಿ ಕಟ್ಟಿ, ಮುಂದೆ ಫಿಯಟ್‌ನ ಸಣ್ಣ, ಸಾಧಾರಣ ಕಾರುಗಳನ್ನು ರೇಸಿನಲ್ಲಿ ಗೆಲ್ಲುವಂತೆ ತಿದ್ದಿದ. ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಹುಟ್ಟಿತು. ಶೋಳವರಂನ ಹಳೆಯ ವಿಮಾನ ಓಡುದಾರಿಯಲ್ಲಿ ನಡೆದ ಅದರ ರೇಸುಗಳಿಗೆ ನಮ್ಮ ಮೇಸ್ತ್ರಿಗಳು ಫಿಯಟ್ 1100ಗಳನ್ನು ಹಾಗೇ ತಿದ್ದಿ ತಂದರು. ನನ್ನ ಶೆಡ್ಡಿನ ಎರಡೂ ಕಾರುಗಳ ಹಿಂದೆ ಇರುವುದು ಒಂದೇ ವಿದ್ಯೆ. ಪದ್ಮಿನಿಯ ವಿದ್ಯೆ ಸಾವಿರಾರು ಕೈಗಳಲ್ಲಿ ಹರಡಿದೆ. ಅಬಾರ್ಥ್‌ನದು ಇನ್ನೂ ಹರಡಬೇಕಾಗಿದೆ, ಆ ಕೆಲಸ ಮಾಲೀಕರದ್ದು. ಮಾಡಿಸಿದ ಪ್ರತಿ ರಿಪೇರಿಯ ಪಾರ್ಟ್ ನಂಬರ್, ಫೋಟೊ, ಬದಲಿ ಭಾಗದ ಹೆಸರು ಬರೆದಿಡಿ. ಇನ್ನೊಬ್ಬ ಮಾಲೀಕರು ಕೇಳಿದರೆ ಮುಚ್ಚಿಡದೆ ಕೊಡಿ. ಕಾರು ರಿಪೇರಿಗೆ ಹೋದಾಗ ಕಲಿಯಲು ಬಂದ ಹುಡುಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವಂತೆ ಮೇಸ್ತ್ರಿಯನ್ನು ಕೇಳಿಕೊಳ್ಳಿ. ಈ ಶ್ರಮಕ್ಕೆ ಮನಸ್ಸಿದ್ದರೆ ಮಾತ್ರ ಅಪರೂಪದ ಹೊಸ ಕಾರನ್ನು ಕೊಳ್ಳಿ. ಅಷ್ಟು ಬಿಡುವಿಲ್ಲದಿದ್ದರೆ ಒಂದು ಒಳ್ಳೆಯ ಪದ್ಮಿನಿಯನ್ನು ಹುಡುಕಿಕೊಳ್ಳಿ. ಅದನ್ನು ನೋಡಿಕೊಳ್ಳಲು ಊರೇ ಇದೆ.