ಕೇಳುವುದು ಪಿಯುಸಿಯನ್ನು, ಪದವಿಯನ್ನಲ್ಲ

ಬಿ.ಕಾಂ. ಮುಗಿಸಿ, ನಾಲ್ಕು ಕಾಸು ದುಡಿದು, ಆಮೇಲೆ ಬಿಡಿಎಸ್ ಸೇರಿದವಳು ನಾನು. ಇದು ಗೊತ್ತಾದ ಮೇಲೆ ಕಾಪು, ಕಾರ್ಕಳ ಕಡೆಯಿಂದ ಆಗಾಗ ಫೋನ್ ಬರುತ್ತದೆ. "ಅಕ್ಕ, ಸೈನ್ಸ್ ಅಲ್ಲದ ಡಿಗ್ರಿ ಇಟ್ಟುಕೊಂಡು ಮೆಡಿಕಲ್ಲಿಗೆ ಅರ್ಜಿ ಹಾಕಬಹುದಾ?" ಹಾಕಬಹುದು, ಆದರೆ ಆ ಡಿಗ್ರಿಯ ಬಲದಿಂದ ಹಾಕಲಾಗುವುದಿಲ್ಲ. ನಮ್ಮ ದೇಶದಲ್ಲಿ ಎಂಬಿಬಿಎಸ್, ಬಿಡಿಎಸ್ ಎರಡಕ್ಕೂ ನೋಡುವುದು ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿ ಪಾಸಾಗಿದ್ದೀರಾ ಎಂದು. ನಂತರ ನೀಟ್ ಪ್ರವೇಶ ಪರೀಕ್ಷೆಯ ಅಂಕ. ಬಿ.ಎ.ಯಲ್ಲಿ ರ‍್ಯಾಂಕ್ ಬಂದಿದ್ದರೂ ಇಲ್ಲಿ ಅದಕ್ಕೆ ಅರ್ಧ ಅಂಕದ ಬೆಲೆಯೂ ಇಲ್ಲ.

ಗೊಂದಲ ಹುಟ್ಟುವುದು ಹೊರದೇಶದ ಸುದ್ದಿಯಿಂದ. ಅಮೆರಿಕದಲ್ಲಿ ಮೆಡಿಕಲ್ ಎಂದರೆ ಪದವಿಯ ನಂತರದ ಓದು. ಇತಿಹಾಸ, ಸಂಗೀತ ಓದಿದವರೂ ಬೇಕಾದ ವಿಜ್ಞಾನದ ಕೋರ್ಸುಗಳನ್ನು ಮುಗಿಸಿ, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಅರ್ಜಿ ಹಾಕುತ್ತಾರೆ. ಇಂಗ್ಲೆಂಡಿನ ಕೆಲವು ಕಾಲೇಜುಗಳಲ್ಲಿ ಯಾವ ವಿಷಯದ ಪದವೀಧರರಾದರೂ ನಾಲ್ಕು ವರ್ಷದ ಕೋರ್ಸಿಗೆ ಸೇರಬಹುದು. ಅಲ್ಲಿರುವ ಬಂಧುಗಳು ಒಳ್ಳೆಯ ಮನಸ್ಸಿನಿಂದಲೇ ಧೈರ್ಯ ಹೇಳುತ್ತಾರೆ. ಆ ದಾರಿ ನಮ್ಮಲ್ಲಿಲ್ಲ.

ನನಗೆ ಹಲ್ಲಿನ ಡಾಕ್ಟರಾಗುವ ಈ ಹಟ ಯಾಕೆ ಬಂತು ಎಂದರೆ, ಉಡುಪಿಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಬಿಲ್ಲು, ಲೆಕ್ಕ ನೋಡಿಕೊಳ್ಳುತ್ತಿದ್ದೆ. ಕಾರ್ಕಳ ಕಡೆಯ ತೋಟದ ಕೆಲಸದವರೊಬ್ಬರು, ಇನ್ನೂ ನಲವತ್ತು ದಾಟದವರು, ಊಟಕ್ಕೆ ಬಾಯಿ ತೆರೆಯುವುದಿಲ್ಲ ಎಂದು ಬಂದರು. ಡಾಕ್ಟರು ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ತೂರಿಸಲು ಹೇಳಿದರು. ಒಂದು ಬೆರಳು ಹೋಯಿತು, ಎರಡನೆಯದು ಹಲ್ಲಿಗೇ ತಾಗಿ ನಿಂತಿತು. ಟಾರ್ಚ್ ಬಿಟ್ಟು ನೋಡಿದರೆ ಕೆನ್ನೆಯ ಒಳಭಾಗ ಬಿಳಚಿಕೊಂಡು ಬಿಗಿದು ಹೋಗಿತ್ತು. ವರ್ಷಗಟ್ಟಲೆ ಅಡಿಕೆ ಜಗಿದವರಿಗೆ ಬರುವ ಕಾಯಿಲೆ ಇದು, ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ತಂಬಾಕು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆಯಿಂದಲೇ ಮನೆ ನಡೆಯುವ ಊರಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ. ತುಳುವಿನಲ್ಲಿ, ಎದುರು ಕೂತು, ಅವರ ಕಷ್ಟ ತಿಳಿದವರು ಹೇಳಬೇಕು. ಆ ಕೆಲಸ ನನ್ನದಾಗಬೇಕು ಅನಿಸಿತು.

ಪಿಯುಸಿಯಲ್ಲಿ ನನ್ನದು ಕಾಮರ್ಸ್. ಮತ್ತೆ ಎರಡು ವರ್ಷ ಕೆಲಸ ಬಿಟ್ಟು ಪಿಯು ಕಾಲೇಜಿನ ಬೆಂಚಿನಲ್ಲಿ ಕೂರುವ ಅನುಕೂಲ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ. ಬರೀ ಮೂರು ವಿಜ್ಞಾನ ವಿಷಯಗಳನ್ನು ಕಟ್ಟಿದರೆ ಅಂಕಪಟ್ಟಿ ಮಾತ್ರ ಸಿಗುತ್ತದೆ. ನಾನು ಇಂಗ್ಲಿಷ್ ಸೇರಿಸಿ ಐದು ವಿಷಯ ಕಟ್ಟಿ, ಹನ್ನೆರಡನೆಯದರ ಪೂರ್ತಿ ಸರ್ಟಿಫಿಕೇಟನ್ನೇ ತೆಗೆದುಕೊಂಡೆ. ಮುಂದೆ ದಾಖಲೆ ಪರಿಶೀಲನೆಯಲ್ಲಿ ಯಾರೂ ತಕರಾರು ಎತ್ತಬಾರದು ಎಂಬ ಲೆಕ್ಕ ಅದು, ಈಗಲೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಮುಕ್ತ ಶಾಲೆಯವರನ್ನು ನೀಟ್‌ನಿಂದ ಹೊರಗಿಡುವ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿ ತಳ್ಳಿಹಾಕಿತು. ಹನ್ನೆರಡನೆಯದು ಪಾಸಾದ ಮೇಲೆ ಈ ವಿಷಯಗಳನ್ನು ಹೆಚ್ಚುವರಿಯಾಗಿ ಓದಿದವರೂ ನೀಟ್ ಬರೆಯಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಪ್ರಕಟಣೆ ಹೊರಡಿಸಿತು. 2022ರಿಂದ ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿಯೂ ಇಲ್ಲ. ಈ ಮೂರರಿಂದ ನನ್ನಂಥವರಿಗೆ ಜೀವ ಬಂತು.

ಪ್ರಾಕ್ಟಿಕಲ್ ಪರೀಕ್ಷೆಗೆ ಹೆದರಿದಷ್ಟು ನಾನು ಯಾವುದಕ್ಕೂ ಹೆದರಿಲ್ಲ. ಈರುಳ್ಳಿಯ ಬೇರಿನ ತುದಿ ಕತ್ತರಿಸಿ, ಕೆಂಪು ಬಣ್ಣ ಹಚ್ಚಿ, ಗಾಜಿನ ಚೂರಿನಡಿ ಹೆಬ್ಬೆರಳಿನಿಂದ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಕೋಶ ಒಡೆಯುವುದನ್ನು ತೋರಿಸಬೇಕು. ಜೋರಾಗಿ ಒತ್ತಿದರೆ ಕಲಸಿ ಹೋಗುತ್ತದೆ, ಮೆಲ್ಲಗೆ ಒತ್ತಿದರೆ ಕೋಶಗಳು ಒಂದರ ಮೇಲೊಂದು ಕೂರುತ್ತವೆ. ಮನೆಯಲ್ಲಿ ಲೋಟದ ನೀರಿನ ಮೇಲೆ ಈರುಳ್ಳಿ ಕೂರಿಸಿ ಬೇರು ಬರಿಸಿ, ಕತ್ತರಿಸುವುದನ್ನು, ಒತ್ತುವುದನ್ನು ರೂಢಿ ಮಾಡಿಕೊಂಡೆ. ಅಮ್ಮ ಅಡುಗೆಗೆಂದು ಆ ಈರುಳ್ಳಿಯನ್ನು ಮುಟ್ಟುತ್ತಿರಲಿಲ್ಲ.

ನೀಟ್‌ನ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದ್ದು. ಎನ್‌ಸಿಇಆರ್‌ಟಿ ಪುಸ್ತಕವನ್ನು ಬಿಡದೆ ಓದಿದರೆ ಕಾಮರ್ಸಿನವರಿಗೂ ಅದು ದಕ್ಕುತ್ತದೆ. ಕೈಕೊಡುವುದು ಭೌತಶಾಸ್ತ್ರ, ಅದರಲ್ಲೂ ಅದರ ಹಿಂದಿರುವ ಗಣಿತ. ನನ್ನ ಅನುಭವದಲ್ಲಿ ಹತ್ತನೆಯ ತರಗತಿಯ ತ್ರಿಕೋನಮಿತಿಯಿಂದ ಶುರು ಮಾಡುವುದೇ ಹತ್ತಿರದ ದಾರಿ. ಕೋಚಿಂಗ್ ಸೆಂಟರಿನವರು ಇದಕ್ಕೆ ಕಾಯುವುದಿಲ್ಲ, ಮೊದಲ ದಿನವೇ ವೆಕ್ಟರ್ ಹಾಕುತ್ತಾರೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಪಕ್ಕದಲ್ಲೇ ಇಂಗ್ಲಿಷ್ ಇರುತ್ತದೆ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅದರಿಂದ ಧೈರ್ಯ ಬಂತು. ಅನುವಾದದಲ್ಲಿ ಸಂಶಯ ಬಂದರೆ ಇಂಗ್ಲಿಷನ್ನೇ ನಂಬಬೇಕು, ಅಂತಿಮವಾಗಿ ಪರಿಗಣಿಸುವುದು ಅದನ್ನೇ.

ಸೀಟಿನ ವಿಷಯದಲ್ಲಿ ಉಡುಪಿಯವರಿಗೆ ಒಂದು ವಿಚಿತ್ರ ಕಾದಿರುತ್ತದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರದು, ಡೆಂಟಲ್ ಕಾಲೇಜು 1965ರದು. ನಾವು ಆ ಕಾಲೇಜುಗಳಿರುವ ಬೆಟ್ಟವನ್ನು ನೋಡಿಯೇ ಬೆಳೆದವರು. ಆದರೆ ಅವೆರಡೂ ಡೀಮ್ಡ್ ವಿಶ್ವವಿದ್ಯಾಲಯದವು, ಅಲ್ಲಿನ ಸೀಟು ಹಂಚಿಕೆ ಆಗುವುದು ದೆಹಲಿಯ ಎಂಸಿಸಿ, ಅಂದರೆ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ ನಡೆಸುವ ಕೌನ್ಸೆಲಿಂಗಿನಲ್ಲಿ. ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೊಡುವ ಸರ್ಕಾರಿ ಕೋಟಾದ ಪಟ್ಟಿಯಲ್ಲಿ ಅವನ್ನು ಹುಡುಕಿ ಫಲವಿಲ್ಲ. ನಮ್ಮ ಜಿಲ್ಲೆಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಲ್ಲ. ಮನೆಯಿಂದಲೇ ಓಡಾಡಿ ಓದುತ್ತೇನೆ ಎಂದುಕೊಂಡವರು ಶುಲ್ಕದ ಅಂಕಿ ನೋಡಿದ ಮೇಲೆ ಊರು ಬಿಡಲು ಸಿದ್ಧರಾಗಬೇಕು. ಬಿಡಿಎಸ್ ಇಂಟರ್ನ್‌ಶಿಪ್ ಸೇರಿ ಐದು ವರ್ಷ. ಅಷ್ಟೂ ವರ್ಷ ಮನೆಗೆ ನಮ್ಮ ಸಂಬಳ ಬರುವುದಿಲ್ಲ. ಫಾರ್ಮ್ ತುಂಬುವ ಮೊದಲೇ ಈ ಲೆಕ್ಕವನ್ನು ಅಪ್ಪ ಅಮ್ಮನ ಜೊತೆ ಕಾಗದದ ಮೇಲೆ ಬರೆದು ನೋಡಬೇಕು. ನಾವು ಹಾಗೇ ಮಾಡಿದೆವು, ಅಮ್ಮನ ಕರಿಮಣಿ ಸರವೊಂದನ್ನು ಬಿಟ್ಟು ಉಳಿದ ಚಿನ್ನವೆಲ್ಲ ಆ ಪಟ್ಟಿಯಲ್ಲಿತ್ತು.

"ವಿದೇಶದಲ್ಲಿ ಎಂಬಿಬಿಎಸ್, ಸೈನ್ಸ್ ಬೇಡ, ನೀಟ್ ಬೇಡ" ಎಂದು ಒಬ್ಬ ಏಜೆಂಟ್ ನಮ್ಮ ಮನೆಗೂ ಬಂದಿದ್ದ. ನೀಟ್ ಅರ್ಹತೆ ಇಲ್ಲದೆ ಹೋದವರಿಗೆ ವಾಪಸ್ ಬಂದು ಇಲ್ಲಿ ವೈದ್ಯ ವೃತ್ತಿ ಮಾಡಲು ಅವಕಾಶವಿಲ್ಲ. ಅಂಥವರ ಮಾತು ಕೇಳಿ ಗದ್ದೆ ಅಡ ಇಡಬೇಡಿ.

ಇನ್ನು ಫೋನ್ ಮಾಡುವ ಕೆಲವರ ಜೊತೆ ಸ್ವಲ್ಪ ಹೊತ್ತು ಮಾತಾಡಿದರೆ ಅವರಿಗೆ ಬೇಕಾಗಿರುವುದು ಆಸ್ಪತ್ರೆಯ ಕೆಲಸ, ಕೈಯಲ್ಲಿ ಸ್ಟೆತೊಸ್ಕೋಪ್ ಇರಲೇಬೇಕೆಂದಿಲ್ಲ ಎಂದು ತಿಳಿಯುತ್ತದೆ. ಅಂಥವರಿಗೆ ಬಿ.ಎ., ಬಿ.ಕಾಂ. ಪದವಿಯೇ ಸಾಕಾಗುವ ದಾರಿಗಳಿವೆ. ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಕೋರ್ಸುಗಳಿವೆ, ಎಂಎಸ್‌ಡಬ್ಲ್ಯು ಮಾಡಿ ವೈದ್ಯಕೀಯ ಸಮಾಜ ಕಾರ್ಯಕರ್ತರಾಗಬಹುದು. ರೋಗಿಯ ಮನೆಯವರು ದುಡ್ಡಿಗೆ, ಯೋಜನೆಯ ಕಾರ್ಡಿಗೆ ಪರದಾಡುವಾಗ ಕೈ ಹಿಡಿಯುವವರು ಅವರೇ. ಡಾಕ್ಟರೇ ಆಗಬೇಕು ಎಂದು ಗಟ್ಟಿಯಾಗಿ ಹೇಳುವವರಿಗೆ ಮಾತ್ರ ನಾನು ಮುಂದಿನದನ್ನು ಹೇಳುತ್ತೇನೆ: ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕೆಇಎಯಲ್ಲಿ ಗ್ರಾಮೀಣ ಮೀಸಲು ಶೇ. 15, ಕನ್ನಡ ಮಾಧ್ಯಮದ್ದು ಶೇ. 5 ಇದೆ. ಆ ಪ್ರಮಾಣಪತ್ರಗಳಿಗೆ ಹೆಡ್‌ಮಾಸ್ತರರ ಸಹಿ, ಅದರ ಮೇಲೆ ಬಿಇಒ ಸಹಿ ಎರಡೂ ಬೇಕು. ಏಪ್ರಿಲ್‌ನಲ್ಲಿ ಶಾಲೆಗೆ ಬೇಸಿಗೆ ರಜೆ ಬೀಳುತ್ತದೆ, ಮಾರ್ಚ್‌ನಲ್ಲೇ ಹೋಗಿ ಮಾಡಿಸಿಕೊಳ್ಳಿ.