ಉದ್ದವನ್ನೂ ಹೇಳುವ ಟೈಪ್

3×4 ಮ್ಯಾಟ್ರಿಕ್ಸನ್ನು 5×2 ಮ್ಯಾಟ್ರಿಕ್ಸ್ ಜೊತೆ ಗುಣಿಸೋಕಾಗಲ್ಲ ಅನ್ನೋದು ಪಿಯುಸಿ ಲೆಕ್ಕ. ಆದರೂ ನಮ್ಮ ಕೋಡ್ ಅರ್ಧ ಗಂಟೆ ಓಡಿ, ಆಮೇಲೆ ಶೇಪ್ ಹೊಂದುತ್ತಿಲ್ಲ ಅಂತ ನಿಲ್ಲುತ್ತೆ. ಕಂಪೈಲರ್ ಕಣ್ಣಿಗೆ ಎರಡೂ ಬರೀ 'ಮ್ಯಾಟ್ರಿಕ್ಸ್'. ಅಳತೆ ಟೈಪಿನಲ್ಲಿ ಇಲ್ಲವಲ್ಲ!

ಅಳತೆಯಂಥ ವ್ಯಾಲ್ಯೂವನ್ನೂ ಟೈಪಿನೊಳಗೆ ಬರೆಯಲು ಬಿಡುವುದೇ ಡಿಪೆಂಡೆಂಟ್ ಟೈಪ್. ಡಬ್ಬಿ ಮೇಲೆ 'ಸಕ್ಕರೆ' ಬದಲು 'ಸಕ್ಕರೆ, 2 ಕೆಜಿ' ಅಂತ ಚೀಟಿ ಅಂಟಿಸಿದ ಹಾಗೆ. (ನಮ್ಮ ಮನೆಗಳಲ್ಲಿ ಬೋರ್ನ್‌ವಿಟಾ ಡಬ್ಬಿ ತೆಗೆದರೆ ತೊಗರಿಬೇಳೆ ಇರುತ್ತೆ, ಆ ಮಾತು ಬೇರೆ. ಇಲ್ಲಿ ಚೀಟಿಯನ್ನು ಕಂಪೈಲರ್ ಪರೀಕ್ಷಿಸುತ್ತೆ.) ಇದರ ಬೇರು ಸ್ವೀಡನ್ನಿನ ಪೆರ್ ಮಾರ್ಟಿನ್-ಲೋಫ್ 1970ರ ದಶಕದಲ್ಲಿ ಕಟ್ಟಿದ ಟೈಪ್ ಸಿದ್ಧಾಂತದಲ್ಲಿದೆ. ಇವತ್ತು ಆಗ್ಡಾ, ಇಡ್ರಿಸ್, ಲೀನ್ ಭಾಷೆಗಳಲ್ಲಿ ಬಳಸಬಹುದು.

ಇಡ್ರಿಸ್‌ನಲ್ಲಿ 'ವೆಕ್ಟ್ 3 ಇಂಟ್' ಅಂದರೆ ಸರಿಯಾಗಿ ಮೂರು ಪೂರ್ಣಾಂಕಗಳ ಪಟ್ಟಿ. ಮೊದಲ ಅಂಶ ಕೊಡುವ 'ಹೆಡ್' ಫಂಕ್ಷನ್‌ಗೆ ಖಾಲಿ ವೆಕ್ಟರ್ ಕೊಟ್ಟರೆ ಓಡೋದಿರಲಿ, ಕಂಪೈಲೇ ಆಗಲ್ಲ. ಪಟ್ಟಿಯ ಉದ್ದ ಯೂಸರ್ ಇನ್‌ಪುಟ್ ಕೊಟ್ಟ ಮೇಲಷ್ಟೇ ಗೊತ್ತಾಗೋದಾದರೆ? ಆಗ ಖಾಲಿಯೋ ಅಲ್ಲವೋ ಅಂತ ಕೋಡ್ ಮೊದಲು ನೋಡಬೇಕು. ಖಾಲಿಯಲ್ಲದ ಕವಲಿನಲ್ಲಿ ಮಾತ್ರ 'ಹೆಡ್' ಕರೆಯಬಹುದು.

ಬೆವರು ಶುರುವಾಗೋದು ಇಲ್ಲಿಂದ. ಎನ್ ಉದ್ದದ ವೆಕ್ಟರ್‌ನ ಕೊನೆಗೆ ಖಾಲಿ ವೆಕ್ಟರ್ ಸೇರಿಸಿದರೆ ಉದ್ದ 'ಎನ್ + 0'. ಅದು ಎನ್ ತಾನೇ? ಒಂದನೇ ಕ್ಲಾಸಿನ ಮಗು ಒಪ್ಪೋದನ್ನು ಕಂಪೈಲರ್ ಒಪ್ಪಲ್ಲ. ಅಲ್ಲಿ ಕೂಡುವಿಕೆಯ ವ್ಯಾಖ್ಯೆ ಎಡಗಡೆಯ ಸಂಖ್ಯೆಯನ್ನು ಬಿಚ್ಚುತ್ತಾ ಹೋಗುತ್ತೆ. '0 + ಎನ್' ಆದರೆ ತಕ್ಷಣ ಎನ್ ಆಗುತ್ತೆ. 'ಎನ್ + 0'ರಲ್ಲಿ ಎಡಗಡೆ ಎಷ್ಟು ಅಂತಲೇ ಗೊತ್ತಿಲ್ಲ, ಲೆಕ್ಕ ಅಲ್ಲೇ ನಿಲ್ಲುತ್ತೆ. ಹಾಗಾಗಿ ಪ್ರೂಫ್ ನಾವೇ ಕೊಡಬೇಕು. ಎನ್ ಸೊನ್ನೆಯಾದರೆ ಕೆಲಸವೇ ಇಲ್ಲ. 'ಕೆ + 1' ಆದರೆ, '(ಕೆ + 1) + 0' ಅನ್ನೋದು ವ್ಯಾಖ್ಯೆಯ ಪ್ರಕಾರ '(ಕೆ + 0) + 1'. ಇನ್ನು ಉಳಿದಿದ್ದು 'ಕೆ + 0 = ಕೆ'; ಅದಕ್ಕೆ ಇದೇ ಫಂಕ್ಷನ್ ತನ್ನನ್ನೇ ಕರೆಯುತ್ತೆ. ಗಣಿತದ ಕ್ಲಾಸಲ್ಲಿ ಇಂಡಕ್ಷನ್ ಅಂತ ಉರು ಹೊಡೆದದ್ದು ಇಲ್ಲಿ ಬರೀ ರಿಕರ್ಷನ್! ನಮಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ.

ವಾರದ ಅಸೈನ್‌ಮೆಂಟಿಗೆ ಇಷ್ಟು ಶ್ರಮ ಬೇಡ. ಕಂಪೈಲರ್‌ನಂಥ ವಸ್ತುವಿಗೆ ಬೇಕು ಅಂತ ನಮ್ಮ ಅಭಿಪ್ರಾಯ. ಫ್ರಾನ್ಸಿನ ಝೇವಿಯರ್ ಲೆರ್ವಾ ತಂಡ ಡಿಪೆಂಡೆಂಟ್ ಟೈಪ್‌ಗಳಿರುವ ಕಾಕ್ ವ್ಯವಸ್ಥೆಯಲ್ಲಿ ಕಾಂಪ್‌ಸರ್ಟ್ ಎಂಬ ಸಿ ಕಂಪೈಲರನ್ನು ಪ್ರೂಫ್ ಸಮೇತ ಬರೆಯಿತು. 2011ರಲ್ಲಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಿ ಕಂಪೈಲರ್‌ಗಳನ್ನು ಜಾಲಾಡಿದಾಗ, ಜಿಸಿಸಿ, ಎಲ್‌ಎಲ್‌ವಿಎಂ ಸೇರಿ ಹಲವುಗಳಲ್ಲಿ 300ಕ್ಕೂ ಹೆಚ್ಚು ಹೊಸ ಬಗ್ ಸಿಕ್ಕವು. ಕಾಂಪ್‌ಸರ್ಟ್‌ನಲ್ಲೂ ಕೆಲವು ಸಿಕ್ಕವು, ಆದರೆ ಪ್ರೂಫ್ ಇಲ್ಲದ ಭಾಗಗಳಲ್ಲಿ ಮಾತ್ರ.